ಹೆಗ್ಗಣದ ಹಲ್ಲು, ನಾಯಿಯ ಭಯ

ಕಾಸರಗೋಡಿನ ವಿದ್ಯಾನಗರದಲ್ಲಿ ಕಲೆಕ್ಟರೇಟಿದೆ, ಸರಕಾರಿ ಕಾಲೇಜಿದೆ. ಸ್ವಲ್ಪ ಆಚೆ ಹೋದರೆ ತೆಂಗು, ಕಂಗಿನ ತೋಟಗಳಿವೆ. ತೋಟವೆಂದ ಮೇಲೆ ಇಲಿ, ಹೆಗ್ಗಣ, ಅಳಿಲು ಇದ್ದದ್ದೇ. ಯಾರದ್ದಾದರೂ ಬೆರಳಿಗೆ ಅವುಗಳ ಹಲ್ಲು ತಾಗಿತೆಂದರೆ ಮನೆಮಂದಿ ಮೊದಲು ಹೇಳುವುದು: ‘ಹುಚ್ಚುನಾಯಿಯ ಇಂಜೆಕ್ಷನ್ ಹೊಡೆಸು, ಕಾಡುಪ್ರಾಣಿ ಬೇರೆ!’ ಕೇಳಲು ಎಚ್ಚರಿಕೆಯ ಮಾತು. ನನಗದು ಎಚ್ಚರಿಕೆಯ ವೇಷ ತೊಟ್ಟ ಅಜಾಗ್ರತೆ.

ರೇಬೀಸ್ ಯಾವ ಸಸ್ತನಿಗೂ ತಗಲಬಹುದು, ಇಲಿಗೂ. ಆದರೆ ಹುಚ್ಚು ಹಿಡಿದ ನಾಯಿಯ ಬಾಯಿಗೆ ಸಿಕ್ಕ ಇಲಿ ಬದುಕುಳಿಯುವುದೇ ಅಪರೂಪ. ಆಮೇಲೆ ಮನುಷ್ಯರನ್ನು ಕಚ್ಚುವುದೆಲ್ಲಿ ಬಂತು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟಕ್ಕೆ ನಾಯಿಯೇ ಕಾರಣ.

‘ಕಾಡುಪ್ರಾಣಿ ಕಚ್ಚಿದರೆ ಮೂರನೇ ದರ್ಜೆಯ, ಅಂದರೆ ಅತಿ ಹೆಚ್ಚಿನ, ಅಪಾಯವೆಂದು ಸರಕಾರವೇ ಹೇಳಿದೆಯಲ್ಲ?’ ಎನ್ನುವವರಿದ್ದಾರೆ. ಹೇಳಿದೆ, ನಿಜ. ಅದೇ ರಾಷ್ಟ್ರೀಯ ಮಾರ್ಗಸೂಚಿ ಇಲಿ, ಅಳಿಲು, ಮೊಲ ಕಚ್ಚಿದರೆ ಈ ಚಿಕಿತ್ಸೆ ಬೇಕಾಗುವುದು ವಿರಳವೆಂದೂ ಹೇಳಿದೆ. ಅಟ್ಟದಿಂದ ತೋಟಕ್ಕೆ ಇಳಿದ ಮಾತ್ರಕ್ಕೆ ಇಲಿ ನರಿಯಾಗುವುದಿಲ್ಲ. ಕೀರಿಯ ಮಾತು ಬೇರೆ. ಅದು ಇಲಿಯ ಜಾತಿಯದ್ದಲ್ಲ. ಕೀರಿಯೋ ನರಿಯೋ ಕಚ್ಚಿದರೆ ಒಂದು ದಿನವೂ ತಡಮಾಡಬಾರದು.

‘ಆದರೂ ಹೊಡೆಸಿದರೆ ನಷ್ಟವೇನು?’ ಗಟ್ಟಿಯಾದ ಪ್ರಶ್ನೆ ಇದೊಂದೇ. ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹದಿನಾಲ್ಕು ಸೂಜಿಗಳ ಕಾಲ ಮುಗಿದಿದೆ. ಈಗಿನ ಲಸಿಕೆ ಸುರಕ್ಷಿತ. ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನಗಳಂದು ಆಸ್ಪತ್ರೆಗೆ ಹೋಗಬೇಕು; ದಿನಗೂಲಿಯವರಿಗೆ ಅದೂ ನಷ್ಟವೇ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಇಂಜೆಕ್ಷನ್ ಆದೊಡನೆ ಮನಸ್ಸು ‘ಇನ್ನೇನೂ ಇಲ್ಲ’ ಎಂದು ಕೈ ತೊಳೆದುಕೊಳ್ಳುವುದು. ಇಲಿಯ ನಿಜವಾದ ಲೆಕ್ಕ ಶುರುವಾಗುವುದೇ ಅಲ್ಲಿಂದ.

ಆ ಲೆಕ್ಕದ ಹೆಸರು ಇಲಿಜ್ವರ, ಮಲಯಾಳದಲ್ಲಿ ಎಲಿಪ್ಪನಿ. ಅದು ಹರಡಲು ಇಲಿ ಕಚ್ಚಬೇಕೆಂದೇ ಇಲ್ಲ. ಅದರ ಮೂತ್ರ ಬೆರೆತ ನೀರಿಗೆ ಬಿರಿದ ಹಿಮ್ಮಡಿ ಇಟ್ಟರೆ ಸಾಕು. ಮಳೆಗಾಲದಲ್ಲಿ ತೋಟದ ತೋಡು ಬಿಡಿಸುವವರಿಗೆ, ಚರಂಡಿಗೆ ಇಳಿಯುವವರಿಗೆ ಇದೇ ಭಯ ಇರಬೇಕಾದದ್ದು. 2018ರ ನೆರೆಯ ಬಳಿಕ ಕೇರಳದಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದ್ದು ಇದಕ್ಕಾಗಿಯೇ. ರೇಬೀಸ್ ಲಸಿಕೆ ಇದನ್ನು ತಡೆಯುವುದಿಲ್ಲ. ವಾರ, ಎರಡು ವಾರ ಕಳೆದು ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಾಣಿಸಿದಾಗ ‘ಇಂಜೆಕ್ಷನ್ ಆಗಿದೆಯಲ್ಲ’ ಎಂದು ಮನೆಯಲ್ಲೇ ಮಲಗಿದರೆ ಪ್ರಾಣಕ್ಕೇ ಸಂಚಕಾರ.

ಇನ್ನೊಂದು ವಿಚಿತ್ರ ನೋಡಿ. ಇಲಿಗೆ ಬೆಚ್ಚಿ ಓಡುವ ಮನೆಯಲ್ಲೇ ನಾಯಿಮರಿಯ ಉಗುರು ಗೀರಿದರೆ ‘ಪಾಪ, ಆಟ ಆಡಿದ್ದು’ ಎಂದು ಅರಸಿನ ಹಚ್ಚಿ ಸುಮ್ಮನಾಗುತ್ತಾರೆ. ರಕ್ತ ಬಾರದ ಆ ಗೀರಿಗೂ ಲಸಿಕೆ ಬೇಕು; ರಕ್ತ ಬಂದರೆ ಲಸಿಕೆಯ ಜೊತೆ ಸೀರಮ್ಮೂ ಬೇಕು. ಭಯವನ್ನು ತಪ್ಪು ವಿಳಾಸಕ್ಕೆ ಕಳುಹಿಸಿದರೆ ಸರಿಯಾದ ಮನೆಯ ಬಾಗಿಲನ್ನು ಅದು ತಟ್ಟುವುದೇ ಇಲ್ಲ.

ಹಾಗೆಂದು ಇಲಿ ಕಚ್ಚಿದ್ದನ್ನು ಕಡೆಗಣಿಸಿ ಎನ್ನುತ್ತಿಲ್ಲ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಧನುರ್ವಾಯುವಿನ ಇಂಜೆಕ್ಷನ್ ಬೇಕೇ ಎಂದು ವಿಚಾರಿಸಿ. ಕೆಣಕದೆಯೇ ಮೇಲೆ ಬಿದ್ದ, ವಿಚಿತ್ರವಾಗಿ ವರ್ತಿಸಿದ ಪ್ರಾಣಿಯಾದರೆ ಅದನ್ನೂ ಹೇಳಿ, ತೀರ್ಮಾನ ವೈದ್ಯರದ್ದು. ‘ಯಾವ ಪ್ರಾಣಿ?’ ಎಂದು ಅವರು ಕೇಳಿದಾಗ ‘ಯಾವುದಾದರೇನು, ಒಂದು ಚುಚ್ಚಿಬಿಡಿ’ ಎನ್ನಬೇಡಿ. ಅರ್ಧ ಚಿಕಿತ್ಸೆ ಆ ಪ್ರಶ್ನೆಯ ಉತ್ತರದಲ್ಲೇ ಇದೆ.