ಬೇಳೆಗೆ ಬೆಲೆ ಗೊತ್ತಾಗದು

ಕುಕ್ಕರ್ ಕೊಳ್ಳಲು ಪಾತ್ರೆ ಅಂಗಡಿಗೆ ಹೋದರೆ ಅಂಗಡಿಯವರು ಮೊದಲು ಕೇಳುವುದು 'ಎಷ್ಟು ಲೀಟರ್?' ಎಂದು. ಆಮೇಲಿನ ಪ್ರಶ್ನೆ, 'ಸ್ಟೀಲಾ, ಅಲ್ಯೂಮಿನಿಯಮ್ಮಾ?' ಇವೆರಡಕ್ಕೂ ಮೊದಲು ಕೇಳಬೇಕಾದದ್ದನ್ನು ಯಾರೂ ಕೇಳುವುದಿಲ್ಲ: ನಿಮ್ಮ ಮನೆಯಲ್ಲಿ ಅನ್ನ ಡಬ್ಬಿಯಲ್ಲಿ ಬೇಯುತ್ತದೋ, ಕುಕ್ಕರಿನ ತಳದಲ್ಲೇ ಬೇಯುತ್ತದೋ? ಇದಕ್ಕೆ ಉತ್ತರ ಗೊತ್ತಿದ್ದರೆ ಮಿಕ್ಕ ಲೆಕ್ಕವೆಲ್ಲ ಸಲೀಸು. ಗೊತ್ತಿಲ್ಲದಿದ್ದರೆ ಎರಡು ಸಾವಿರದಲ್ಲಿ ಮುಗಿಯಬೇಕಿದ್ದ ವ್ಯಾಪಾರ ನಾಲ್ಕು ಸಾವಿರ ದಾಟಿದ ಮೇಲೇ ನಿಲ್ಲುವುದು.

ಮೈಸೂರು, ಮಂಡ್ಯ, ಬೆಂಗಳೂರಿನ ಬಹುಪಾಲು ಮನೆಗಳ ಬೆಳಗಿನ ಕುಕ್ಕರನ್ನು ನೆನೆಸಿಕೊಳ್ಳಿ. ತಳದಲ್ಲಿ ಎರಡು ಲೋಟ ನೀರು, ಅದರಲ್ಲಿ ತೂತಿನ ತಟ್ಟೆ. ಕೆಳಗಿನ ಡಬ್ಬಿಯಲ್ಲಿ ತೊಗರಿಬೇಳೆ, ಜೊತೆಗೆ ಚಿಟಿಕೆ ಅರಿಸಿನ, ಒಂದು ತೊಟ್ಟು ಎಣ್ಣೆ. ಮೇಲಿನ ಡಬ್ಬಿಯಲ್ಲಿ ಅಕ್ಕಿ. ಅದರ ಮೇಲೂ ಜಾಗ ಮಿಕ್ಕಿದ್ದರೆ ಎರಡು ಆಲೂಗಡ್ಡೆ. ಈ ಏರ್ಪಾಡಿನಲ್ಲಿ ಕುಕ್ಕರಿನ ಒಳಮೈ ಊಟದ ಪದಾರ್ಥವನ್ನು ಮುಟ್ಟುವುದೇ ಇಲ್ಲ. ಬೇಯುವುದೆಲ್ಲ ಸ್ಟೀಲ್ ಡಬ್ಬಿಯೊಳಗೆ. ಕುಕ್ಕರಿನ ಕೆಲಸ ನೀರು ಕಾಯಿಸಿ ಆವಿಯನ್ನು ಹಿಡಿದಿಟ್ಟುಕೊಳ್ಳುವುದಷ್ಟೇ. ಅಷ್ಟಕ್ಕೆ ಅಲ್ಯೂಮಿನಿಯಂ ಧಾರಾಳವಾಗಿ ಸಾಕು. ಸಾಕು ಅನ್ನುವುದಕ್ಕಿಂತ, ಅದೇ ವಾಸಿ. ಸ್ಟೇನ್‌ಲೆಸ್ ಸ್ಟೀಲಿಗಿಂತ ಅಲ್ಯೂಮಿನಿಯಂ ಸುಮಾರು 15 ಪಟ್ಟು ಚೆನ್ನಾಗಿ ಶಾಖ ಹರಿಸುತ್ತದೆ, ತೂಕವೂ ಕಡಿಮೆ. ಡಬ್ಬಿ ಇಡುವ ಮನೆಯವರು ನೀರು ಕಾಯಿಸುವುದಕ್ಕೆಂದು ಮೂರು ಪದರದ ಟ್ರೈಪ್ಲೈ ಕುಕ್ಕರ್ ಕೊಳ್ಳುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಒಳಗೆ ಕಪ್ಪಾಗುತ್ತದಲ್ಲ ಎನ್ನುವವರಿದ್ದಾರೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಆಗುತ್ತದೆ, ನಿಜ. ರಸ ಹಿಂಡಿ ಉಳಿದ ನಿಂಬೆಹೋಳನ್ನೋ ಕಿವುಚಿದ ಹುಣಸೆಹಣ್ಣಿನ ಸಿಪ್ಪೆಯನ್ನೋ ತಳದ ನೀರಿಗೆ ಹಾಕಿದರೆ ಆಗುವುದಿಲ್ಲ. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆಂಬ ಭಯವೂ ಚಾಲ್ತಿಯಲ್ಲಿದೆ. ಅಂಥ ನಂಟು ಈವರೆಗೆ ಸಾಬೀತಾಗಿಲ್ಲ. ಹಾಗೆಂದು ಹುಳಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ಕುದಿಸಿ ಸಂಜೆವರೆಗೆ ಅಲ್ಲೇ ಬಿಡಬೇಡಿ. ಹುಣಸೆಹಣ್ಣು, ಟೊಮೆಟೊ ಆ ಲೋಹವನ್ನು ಕರಗಿಸುತ್ತವೆ, ರುಚಿಯೂ ಕೆಡುತ್ತದೆ.

ತಳದಲ್ಲೇ ಬೇಯಿಸುವವರ ಲೆಕ್ಕ ಬೇರೆ. ಬಿಸಿಬೇಳೆಬಾತು, ಪಲಾವು, ಒಗ್ಗರಣೆ ಹಾಕಿ ಅದರ ಮೇಲೇ ಬೇಯಿಸುವ ಸಾಗು, ಕರಾವಳಿಯ ಮನೆಗಳಲ್ಲಿ ಗಂಜಿ ಬಸಿಯುವ ಕುಚ್ಚಲಕ್ಕಿ: ಇವಕ್ಕೆ ಸ್ಟೀಲು ಒಳ್ಳೆಯದು. ಆದರೆ ಬರಿಯ ಸ್ಟೀಲಿಗೆ ಶಾಖ ಹರಡಲು ಬಾರದು. ಉರಿ ತಗುಲಿದ ಕಡೆ ಸೀಯುತ್ತದೆ, ಮಿಕ್ಕ ಕಡೆ ತಣ್ಣಗಿರುತ್ತದೆ. ಅದಕ್ಕೇ ತಳಕ್ಕೆ ಅಲ್ಯೂಮಿನಿಯಂ ಬಿಲ್ಲೆಯನ್ನು ಸೇರಿಸಿ ಸ್ಟೀಲಿನಿಂದ ಮುಚ್ಚುತ್ತಾರೆ, ಅಂಗಡಿಯವರ ಮಾತಿನಲ್ಲಿ ಸ್ಯಾಂಡ್‌ವಿಚ್ ಬಾಟಂ. ಟ್ರೈಪ್ಲೈನಲ್ಲಿ ಆ ಅಲ್ಯೂಮಿನಿಯಂ ಪದರ ತಳದಿಂದ ಗೋಡೆಯವರೆಗೂ ಹಬ್ಬಿರುತ್ತದೆ. ಪಲಾವು ಅಂಚಿನಲ್ಲಿ ಹತ್ತಿಕೊಳ್ಳದಿರುವುದು ಇದರಿಂದ. ದುಡ್ಡು ಕೊಟ್ಟಿದ್ದಕ್ಕೆ ಏನಾದರೂ ಸಿಗುವುದಾದರೆ ಅದು ಇಲ್ಲಿ. ನಡುವಿನ ದಾರಿಯಾಗಿ ಕಪ್ಪು ಮೈಯ ಹಾರ್ಡ್ ಅನೊಡೈಸ್ಡ್ ಇದೆ: ಮೇಲ್ಮೈ ಗಟ್ಟಿಮಾಡಿದ ಅಲ್ಯೂಮಿನಿಯಂ, ಹುಳಿಗೆ ಜಗ್ಗುವುದಿಲ್ಲ, ಶಾಖವೂ ಚೆನ್ನಾಗಿ ಹರಡುತ್ತದೆ. ಇಬ್ಬರೇ ಇರುವ ಮನೆಗೆ ಇಂಥದೊಂದು ಮೂರು ಲೀಟರಿನದು ನನ್ನ ಆಯ್ಕೆ. ಇಂಡಕ್ಷನ್ ಒಲೆ ಇದ್ದವರು ಮಾತ್ರ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ನೋಡಿಕೊಳ್ಳಿ. ಸಾದಾ ಅಲ್ಯೂಮಿನಿಯಂ ಅದರ ಮೇಲೆ ಕಾಯುವುದಿಲ್ಲ.

ಇಷ್ಟಾದರೂ ಜಾಸ್ತಿ ಬೆಲೆಯ ಕುಕ್ಕರಿನಲ್ಲಿ ಬೇಗ ಬೇಯುತ್ತದೆಂಬ ನಂಬಿಕೆ ಹೋಗುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಮ್ಮ ಮನೆಬಳಕೆಯ ಕುಕ್ಕರುಗಳ ವೆಯ್ಟ್ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡದಲ್ಲಿ ಮೇಲೇಳುತ್ತದೆ, ಆಗ ಒಳಗಿನ ಬಿಸಿ 120 ಡಿಗ್ರಿಯ ಆಸುಪಾಸು. ಸಾವಿರದ ಕುಕ್ಕರಿನಲ್ಲೂ ಅಷ್ಟೇ, ನಾಲ್ಕು ಸಾವಿರದ್ದರಲ್ಲೂ ಅಷ್ಟೇ. ಬೇಳೆಗೆ ಬೆಲೆ ಗೊತ್ತಾಗುವುದಿಲ್ಲ. ಬೇಳೆ ಬೇಯದಿದ್ದರೆ ಗಡಸು ನೀರನ್ನು ದೂರಿ, ಹಳೇ ಬೇಳೆಯನ್ನು ದೂರಿ, ಕುಕ್ಕರನ್ನಲ್ಲ. 1679ರಲ್ಲಿ ಲಂಡನ್ನಿನಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಪಂಡಿತ ಮೂಳೆ ಮೆತ್ತಗಾಗಿಸಲು ಮಾಡಿದ ಯಂತ್ರದಲ್ಲೂ ಆವಿಯನ್ನು ಅದುಮಿಡುವುದೇ ಉಪಾಯ. ಅಂದಿನಿಂದ ಇಂದಿನವರೆಗೆ ಸುಧಾರಿಸಿರುವುದು ಮುಖ್ಯವಾಗಿ ಮುಚ್ಚಳ, ರಬ್ಬರು ಮತ್ತು ಸುರಕ್ಷತೆ.

ಮುಚ್ಚಳದ ವಿಷಯದಲ್ಲಿ ಎರಡು ಪಂಗಡ. ಪ್ರೆಸ್ಟೀಜ್, ಹಾಕಿನ್ಸ್ ಎರಡೂ ಇಂಗ್ಲೆಂಡಿನ ಕಂಪನಿಗಳ ಸಹಯೋಗದಲ್ಲಿ 1959ರಲ್ಲಿ ಇಲ್ಲಿ ತಯಾರಿಕೆ ಶುರುಮಾಡಿದವು. ಹಾಕಿನ್ಸಿನ ಮುಚ್ಚಳ ಒಳಗೆ ತೂರಿ ಕೂರುವಂಥದು. ಒಳಗಿನ ಒತ್ತಡವೇ ಅದನ್ನು ಬಾಯಿಗೆ ಒತ್ತಿ ಹಿಡಿಯುವುದರಿಂದ ಆವಿ ಇಳಿಯುವ ತನಕ ತೆಗೆಯಲು ಬರುವುದಿಲ್ಲ. ಚೊಕ್ಕ ಎಂಜಿನಿಯರಿಂಗ್, ನನಗೆ ಬಹಳ ಇಷ್ಟ. ಆದರೆ ಬಾಯಿ ಕಿರಿದು. ಅಗಲದ ಡಬ್ಬಿ ಇಳಿಯುವುದಿಲ್ಲ. ಪ್ರೆಸ್ಟೀಜಿನಂಥ ಹೊರಮುಚ್ಚಳದವು ನಮ್ಮ ಕಡೆ ಮನೆಮಾತಾಗಿರುವುದಕ್ಕೆ ಡಬ್ಬಿ ಇಡುವ ಅಭ್ಯಾಸವೂ ಒಂದು ಕಾರಣವೆಂದು ನನ್ನ ಎಣಿಕೆ. ಡಬ್ಬಿಯವರು ಹೊರಮುಚ್ಚಳ, ತಳದವರು ಒಳಮುಚ್ಚಳ ಎಂದುಕೊಂಡರೆ ಹೆಚ್ಚು ತಪ್ಪಾಗುವುದಿಲ್ಲ.

ಇನ್ನು ಗಟ್ಟಿಮುಟ್ಟು ಎಂಬುದು. ಇದನ್ನು ಕೈಯಿಂದಲೇ ನೋಡಬೇಕು, ಡಬ್ಬದ ಮೇಲಿನ ಚಿತ್ರದಿಂದಲ್ಲ. ಒಂದೇ ಅಳತೆಯ, ಒಂದೇ ಲೋಹದ ಎರಡು ಕುಕ್ಕರುಗಳನ್ನು ಎರಡು ಕೈಯಲ್ಲಿ ಎತ್ತಿ ನೋಡಿ. ಅಗ್ಗದ್ದು ಎಲ್ಲಿ ಉಳಿತಾಯ ಮಾಡಿದೆ ಎಂದು ಮಣಿಕಟ್ಟಿಗೆ ಗೊತ್ತಾಗುತ್ತದೆ. ತೆಳು ತಳ ಒಂದೆರಡು ಸಲ ನೀರು ಬತ್ತಿದರೆ ಸೊಟ್ಟಗಾಗುತ್ತದೆ. ಆಮೇಲೆ ಗಾಜಿನ ಕೌಂಟರಿನ ಮೇಲಿಟ್ಟು ಬೆರಳಿಂದ ಮೆಲ್ಲಗೆ ದೂಡಿ. ಬುಗುರಿಯ ಹಾಗೆ ತಿರುಗಿದರೆ ತಳ ಹೊರಗುಬ್ಬಿದೆ, ವಾಪಸು ಕೊಡಿ. ಸ್ಟೀಲಿನ ತಳ ತಣ್ಣಗಿರುವಾಗ ಕೂದಲೆಳೆಯಷ್ಟು ಒಳಗೆ ತಗ್ಗಿದ್ದರೆ ಚಿಂತೆಯಿಲ್ಲ, ಕಾದಾಗ ಸಪಾಟಾಗುತ್ತದೆ. ಮುಚ್ಚಳವನ್ನು ಗ್ಯಾಸ್ಕೆಟ್ ಸಮೇತ ನಾಲ್ಕಾರು ಸಲ ಹಾಕಿ ತೆಗೆಯಿರಿ. ಮೇಲಿನ ಹಿಡಿ ಕೆಳಗಿನ ಹಿಡಿಯ ಮೇಲೆ ಸರಿಯಾಗಿ ಕೂರಬೇಕು. ಹೊಸದರಲ್ಲೇ ಅಡ್ಡಾದಿಡ್ಡಿ ಕೂತರೆ ಹಳೆಯದಾದ ಮೇಲೆ ಗತಿಯೇನು? 'ಬಳಸ್ತಾ ಬಳಸ್ತಾ ಸರಿಹೋಗತ್ತೆ ಮೇಡಂ' ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಹೋಗುವುದಿಲ್ಲ. ವೆಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಬೆಳಕು ಕಾಣಬೇಕು. ಹಿಡಿಯ ಸ್ಕ್ರೂ ಎಲ್ಲಿದೆ ಎಂದೂ ತಿರುಗಿಸಿ ನೋಡಿ, ಏಕೆಂದರೆ ಕುಕ್ಕರಿನಲ್ಲಿ ಮೊದಲು ಕೈಕೊಡುವುದು ಹಿಡಿಯೇ. ಸ್ಕ್ರೂಡ್ರೈವರಿನಿಂದ ಬಿಗಿಮಾಡಲು ಬರುವಂತಿದ್ದರೆ ಅದು ಬಾಳಿಕೆಯ ವಸ್ತು.

ಐ.ಎಸ್.ಐ. ಗುರುತಿನ ಬಗ್ಗೆ ಚೌಕಾಸಿಯೇ ಬೇಡ. 2021ರ ಫೆಬ್ರುವರಿ 1ರಿಂದ ಮನೆಬಳಕೆಯ ಪ್ರೆಷರ್ ಕುಕ್ಕರಿಗೆ ಅದು ಕಡ್ಡಾಯ. ಗುರುತಿನ ಮೇಲೆ ಐ.ಎಸ್. 2347 ಎಂದೂ ಕೆಳಗೆ ಸಿ.ಎಂ./ಎಲ್. ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯೂ ಇರಬೇಕು, ಬಿ.ಐ.ಎಸ್. ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ. ಗುಣಮಟ್ಟದ ಆದೇಶಕ್ಕೆ ಹೊಂದದ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟರೆಂದು 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಎರಡು ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತ್ತು. ಒಂದು ಕಡೆ ಮಾರಾಟವಾಗಿದ್ದು 2,265 ಕುಕ್ಕರ್, ಇನ್ನೊಂದು ಕಡೆ 598. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ, ಹೆಸರುವಾಸಿ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಮಾರುವವರಿಗೆ ದಂಡ ಹಾಕುವವರು ಯಾರೋ ಕಾಣೆ.

ಆದರೆ ಇವೆಲ್ಲಕ್ಕಿಂತ ನಾನು ತೂಕ ಕೊಡುವುದು ಬಿಡಿಭಾಗಕ್ಕೆ. ಕುಕ್ಕರಿನ ಮೈ ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಹಿಡಿ. ಅವು ಐದು ವರ್ಷದ ಗ್ಯಾರಂಟಿಯೊಳಗೆ ಸಾಮಾನ್ಯವಾಗಿ ಬರುವುದೂ ಇಲ್ಲ. ಕಾಗದವನ್ನು ಓದಿ ನೋಡಿ. ದಿನವೂ ಒಲೆ ಹತ್ತುವ ಮನೆಯಲ್ಲಿ ಗ್ಯಾಸ್ಕೆಟ್ ವರ್ಷಕ್ಕೊಂದು ಬೇಕಾಗುತ್ತದೆ. ಮುಚ್ಚಳದ ಅಂಚಿನಲ್ಲಿ ಆವಿ ಸೋರಿ ಹನಿಯುತ್ತಿದೆ, ಎಷ್ಟು ಹೊತ್ತಾದರೂ ಕೂಗುತ್ತಿಲ್ಲ ಎಂದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ತಣ್ಣೀರಿನಲ್ಲಿ ಅದ್ದಿ ಹಾಕುವುದು, ಫ್ರಿಜ್ಜಿನಲ್ಲಿಡುವುದು ಇವೆಲ್ಲ ಆ ಹೊತ್ತಿನ ಅಡುಗೆ ದಾಟಿಸುವ ಉಪಾಯ. ಸೇಫ್ಟಿ ವಾಲ್ವಿನ ನಡುವೆ ಬೇಗ ಕರಗುವ ಲೋಹವಿರುತ್ತದೆ. ನೀರು ಬತ್ತಿ ಕಾವು ಮಿತಿಮೀರಿದರೆ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ಆ ಜಾಗಕ್ಕೆ ಕಂಪನಿಯದೇ ವಾಲ್ವ್ ಬೇಕು. ರಿಪೇರಿಯವರು ಚೀಲದಿಂದ ತೆಗೆಯುವ 'ಎಲ್ಲದಕ್ಕೂ ಆಗುತ್ತೆ' ಮಾಲು ಬೇಡ, ಬೋಲ್ಟು ತಿರುಗಿಸಿ ತೂತು ಮುಚ್ಚುವುದಂತೂ ಬೇಡವೇ ಬೇಡ.

ಆದ್ದರಿಂದ ನನ್ನ ಪರೀಕ್ಷೆ ಹೀಗೆ. ಮನಸ್ಸಿಗೆ ಬಂದ ಕುಕ್ಕರಿನ ಹೆಸರು, ಮಾಡೆಲ್ ಬರೆದುಕೊಂಡು ದೊಡ್ಡ ಷೋರೂಮಿಗಲ್ಲ, ನಿಮ್ಮ ಬಡಾವಣೆಯ ಗ್ಯಾಸ್ ಸ್ಟೌ–ಮಿಕ್ಸಿ ರಿಪೇರಿ ಅಂಗಡಿಗೆ ಹೋಗಿ. ಗ್ಯಾಸ್ಕೆಟ್ಟುಗಳು ಬಳೆಯ ಹಾಗೆ ಗೋಡೆಯ ಮೊಳೆಗೆ ನೇತಾಡುತ್ತಿರುತ್ತವೆ. 'ಇದರ ಗ್ಯಾಸ್ಕೆಟ್ ಇದೆಯಾ ಅಣ್ಣಾ? ಹಿಡಿ?' ಎಂದು ಕೇಳಿ. ಕೈ ಚಾಚಿ ತೆಗೆದುಕೊಟ್ಟರೆ ಆ ಕುಕ್ಕರನ್ನು ಕೊಳ್ಳಿ. 'ಆನ್‌ಲೈನಲ್ಲಿ ತರಿಸ್ಬೇಕು ಸಾರ್' ಎಂದರೆ ಎಷ್ಟೇ ಚೆಂದವಿದ್ದರೂ ಬಿಡಿ. ಇದಿಷ್ಟರ ಮೇಲೇ ಸಾವಿರ ರೂಪಾಯಿ ಜಾಸ್ತಿ ಹೇಳಿದರೂ ನಾನು ಕೊಡುತ್ತೇನೆ.

ಅಳತೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ನಾಲ್ಕು ಜನರ ಮನೆಗೆ ಡಬ್ಬಿ ಹಿಡಿಸುವ ಐದು ಲೀಟರಿನದೊಂದು, ಪಲ್ಯ–ಸಾಗುವಿಗೆ ಎರಡೋ ಮೂರೋ ಲೀಟರಿನದೊಂದು. ಮೂರನೇ ಎರಡು ಭಾಗಕ್ಕಿಂತ ತುಂಬಬಾರದು, ಬೇಳೆಕಾಳಾದರೆ ಅರ್ಧಕ್ಕೇ ನಿಲ್ಲಿಸಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡು, ಮೂರು, ಐದು ಲೀಟರಿನ ಮೂರು ಪಾತ್ರೆಗೆ ಒಂದೇ ಮುಚ್ಚಳ ಕೊಟ್ಟು 'ಮೂರು ಕುಕ್ಕರ್' ಎಂದು ಮಾರುವ ಕಾಂಬೊಗಳಿವೆಯಲ್ಲ, ಅಲ್ಲಿ ಒಮ್ಮೆಗೆ ಕೂಗುವುದು ಒಂದೇ. ಮಿಕ್ಕೆರಡು ಬರೀ ಪಾತ್ರೆ.

ಹಬ್ಬದ ಹೊತ್ತಿಗೆ ಹಳೇ ಕುಕ್ಕರ್ ತಂದುಕೊಟ್ಟರೆ ರಿಯಾಯಿತಿ ಎಂಬ ಫಲಕಗಳು ಏಳುತ್ತವೆ. ಒಯ್ಯುವ ಮುಂಚೆ ಹಳೆಯದರ ತಳ ನೆಟ್ಟಗಿದೆಯೇ ನೋಡಿ. ನೆಟ್ಟಗಿದ್ದರೆ ಒಂದು ಗ್ಯಾಸ್ಕೆಟ್, ಒಂದು ವಾಲ್ವ್, ಒಂದು ಜೊತೆ ಹಿಡಿಗೆ ಎಷ್ಟಾಗುತ್ತದೆ ಎಂದು ಅದೇ ರಿಪೇರಿ ಅಂಗಡಿಯಲ್ಲಿ ಕೇಳಿ, ರಿಯಾಯಿತಿ ಕಳೆದ ಹೊಸದರ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಹೊಸದನ್ನೇ ತರುವುದಾದರೆ ಬಿಲ್ಲನ್ನು ಗ್ಯಾರಂಟಿ ಕಾಗದಕ್ಕೆ ಪಿನ್ ಮಾಡಿಡಿ, ಅದೇ ದಿನ ಒಂದು ಗ್ಯಾಸ್ಕೆಟ್ ಹೆಚ್ಚಿಗೆ ತಂದಿಡಿ. ಅದು ಕೈಕೊಡುವುದು ಯಾವಾಗಲೂ ಭಾನುವಾರ, ನೆಂಟರು ಬಂದಾಗ.