ಬಾಲಚಿತ್ರಗಳಲ್ಲಿ ಉದ್ಯೋಗವಿಡಂಬನೆಯೂ ಕಿಳ್ಳೇಕ್ಯಾತನ ಪರದೆಯೂ

ಬಾಲರ ವಿನೋದಕ್ಕಾಗಿ ರಚಿತವಾದ ಚಲಚ್ಚಿತ್ರಗಳು ವಿಮರ್ಶೆಗೆ ಅರ್ಹವಲ್ಲವೆಂದು ವಿದ್ವಾಂಸರು ಸಾಮಾನ್ಯವಾಗಿ ಉಪೇಕ್ಷಿಸುವರು. ಆದರೆ ರಾಜಪುತ್ರರ ಶಿಕ್ಷಣಕ್ಕೆಂದು ಹುಟ್ಟಿದ ಪಂಚತಂತ್ರವು ಅಧಿಕಾರಭ್ರಷ್ಟರಾದ ಎರಡು ನರಿಗಳ ಒಳಸಂಚಿನಿಂದಲೇ ಮೊದಲಾಗುವುದಷ್ಟೆ. ಅದನ್ನು ಸುಮಾರು 1031ರಲ್ಲಿ ಕನ್ನಡಿಸಿದ ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಆಸ್ಥಾನದ ಒಳಗನ್ನು ಬಲ್ಲವನು. ಆದುದರಿಂದ ಉದ್ಯೋಗಸ್ಥರ ವಿಡಂಬನೆಯು ಬಾಲಸಾಹಿತ್ಯಕ್ಕೆ ಹೊಸತಲ್ಲ.

ಅಮೆರಿಕೆಯಲ್ಲಿ 1999ರಲ್ಲಿ ಆರಂಭವಾದ 'ಸ್ಪಂಜ್‌ಬಾಬ್' ಎಂಬ ಚಿತ್ರಮಾಲೆಯನ್ನು ತೆಗೆದುಕೊಳ್ಳಬಹುದು. ಸಮುದ್ರದಡಿಯ ಒಂದು ಉಪಾಹಾರಗೃಹ. ಅದರ ಯಜಮಾನ ಕಾಸಿಗೆ ಬಾಯಿಬಿಡುವ ಏಡಿ. ಅಡಿಗೆಯವನು ದುಡಿಮೆಯನ್ನೇ ಹಬ್ಬವೆಂದು ತಿಳಿದ ಸ್ಪಂಜು. ಹಣದ ಪೆಟ್ಟಿಗೆಯ ಬಳಿ ಸದಾ ಮುಖ ಸಿಂಡರಿಸಿಕೊಂಡು ನಿಲ್ಲುವ ಸ್ಕ್ವಿಡ್‌ವರ್ಡ್. ಬಾಲಕನು ಈ ಮೂರನೆಯವನನ್ನು ಕಂಡು ನಗುವನು. ಅವನೇ ಬೆಳೆದು ಸಂಬಳಕ್ಕೆ ಸೇರಿದ ಬಳಿಕ ಆ ಗುಮಾಸ್ತನಲ್ಲಿ ತನ್ನನ್ನೇ ಕಾಣುವನು. ಸೂರ್ಯನು ಅಸ್ತಮಿಸಿದನೆಂಬ ಒಂದೇ ಮಾತು ಕೇಳುವವರ ಭೇದದಿಂದ ಬೇರೆಬೇರೆ ಅರ್ಥವನ್ನು ಸೂಚಿಸುವುದೆಂದು ಮಮ್ಮಟನು ತೋರಿಸಿರುವನಲ್ಲವೆ? ಇಲ್ಲಿ ಕೇಳುಗನು ಒಬ್ಬನೇ. ವಯಸ್ಸು ಮಾತ್ರ ಬೇರೆ. ಈ ಗುಣವನ್ನು ಅಲ್ಪವೆಂದು ತಳ್ಳಲಾಗದು.

ಆದರೂ ಈ ಹಾಸ್ಯದಲ್ಲಿ ಒಂದು ಕೊರತೆಯುಂಟು. ಅದನ್ನು ಅರಿಯಲು ಚಿತ್ರದುರ್ಗದ ಸೀಮೆಯ ಹಳೆಯ ಚಲಚ್ಚಿತ್ರವಾದ ತೊಗಲುಗೊಂಬೆಯಾಟವನ್ನು ನೋಡಬೇಕು. ಹಿರಿಯೂರಿನಂತಹ ಮಳೆಯಿಲ್ಲದ ನಾಡಿನಲ್ಲಿ ಈ ಆಟಕ್ಕೆ ವಿನೋದಕ್ಕಿಂತ ಹೆಚ್ಚಿನ ಪ್ರಯೋಜನವಿತ್ತು. ಆಡಿಸಿದರೆ ಮಳೆ ಬರುವುದೆಂಬ ನಂಬಿಕೆ. ಗಣಪತಿ ಸರಸ್ವತಿಯರ ಸ್ತುತಿಯಾದ ಮೇಲೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಿಳಿಯ ಪರದೆಯ ಮೇಲೆ ಕುಣಿಯುವರು. ಕೆದರಿದ ಕೂದಲು, ದಪ್ಪ ತುಟಿ, ಡೊಳ್ಳು ಹೊಟ್ಟೆ, ಅಲ್ಲಾಡುವ ಕೈಕಾಲು. ಹಾಸ್ಯಕ್ಕೆ ವಿಕೃತವಾದ ಆಕಾರವೇಷಗಳೇ ವಿಭಾವವೆಂಬ ಭರತನ ಲಕ್ಷಣಕ್ಕೆ ಇದಕ್ಕಿಂತ ಸ್ಫುಟವಾದ ಲಕ್ಷ್ಯ ದೊರೆಯದು. ರಾಮಕಥೆಯ ನಡುವೆ ಊರಿನ ಸಮಾಚಾರವನ್ನು ತಂದು, ಊರಿನ ದೊಡ್ಡವರನ್ನು ಆಡಿಕೊಳ್ಳುವ ಸಲಿಗೆಯೂ ಇವನಿಗುಂಟು. ಮಕ್ಕಳು ಮುಂದೆ ಕುಳಿತಿರುವರು, ಆಡಿಸಿಕೊಂಡ ದೊಡ್ಡವರು ಹಿಂದೆ. ಬೆಳಗಾದ ಮೇಲೆ ಮೇಳದವರು ಕಾಳುಕಡ್ಡಿಗೆ ಹೋಗಬೇಕಾದುದು ಅವರ ಬಾಗಿಲಿಗೇ! ಋಷಿಗಳನ್ನು ಅಣಕಿಸಿ ಆಡಿದ ಭರತಪುತ್ರರಿಗೆ ಶಾಪ ತಟ್ಟಿತೆಂಬ ನಾಟ್ಯಶಾಸ್ತ್ರದ ಕಥೆಯನ್ನು ಇಲ್ಲಿ ನೆನೆಯಬೇಕು. ನಗಿಸುವವನಿಗೆ ಭಯವಿದ್ದಲ್ಲಿ ನಗೆಗೆ ತೂಕ ಹೆಚ್ಚು. ಏಡಿಯ ಜಿಪುಣತನವನ್ನು ಎಷ್ಟು ಹಳಿದರೂ ಯಾವ ಯಜಮಾನನ ಮುಖವೂ ಕೆಂಪಾಗದು.

ಕಿಳ್ಳೇಕ್ಯಾತನು ನಿರ್ದೋಷಿಯೆಂದು ಇದರ ಅರ್ಥವಲ್ಲ. ಅವನ ಮಾತು ಅಶ್ಲೀಲ. ಬಂಗಾರಕ್ಕನ ಪಾಲಿಗೆ ಬರುವ ಹಾಸ್ಯದಲ್ಲಿ ಸ್ತ್ರೀನಿಂದೆಯೇ ಬಹಳ. ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಆಡಿಸುವ ಕುಲಕ್ಕೇ ಈ ಗೊಂಬೆಯ ಹೆಸರು ಅಂಟಿರುವುದರಿಂದ, ಪ್ರೇಕ್ಷಕರು ನಕ್ಕದ್ದು ಗೌಡನನ್ನೋ, ಇಲ್ಲವೆ ಪರದೆಯ ಹಿಂದಿರುವ ಬಡವನನ್ನೋ ಎಂಬುದು ನಿರ್ಣಯವಾಗದು. ಅಪಹಸಿತ ಅತಿಹಸಿತಗಳು ಅಧಮಪ್ರಕೃತಿಯವೆಂದು ಶಾಸ್ತ್ರವು ನಗುವವನನ್ನು ನೋಡಿ ವಿಭಾಗಿಸಿತು, ನಗೆಗೀಡಾದವನಾರೆಂದು ಕೇಳಲಿಲ್ಲ. ಈ ಪ್ರಶ್ನೆ ಸ್ಪಂಜಿನ ಕಥೆಗೂ ಸಲ್ಲುವುದು. ಯಜಮಾನನ ಲೋಭಕ್ಕಿಂತ ಆಳಿನ ಮುಗ್ಧತೆಗೇ ಅಲ್ಲಿ ಹೆಚ್ಚು ನಗೆ.

ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ರ ಶಾಸನದಿಂದ ರದ್ದಾದವು. ಅವರ ಮೇಲಿನ ಚಟಾಕಿಗಳಿಗೆ ಗುರಿಯೇ ಇಲ್ಲದಂತಾಯಿತು. 2009ರಲ್ಲಿ ಚಿಂಟು ಟಿವಿ ಬಂದಮೇಲೆ ಹೊಸದುರ್ಗ ಹೊಳಲ್ಕೆರೆಗಳ ಮಕ್ಕಳಿಗೂ ಪರದೇಶದ ಬೊಂಬೆಗಳು ಕನ್ನಡವಾಡಿದವು. ಭಾಷೆ ಕನ್ನಡವಾಯಿತು, ಕಚೇರಿ ಕನ್ನಡವಾಗಲಿಲ್ಲ. ಎಂ. ಎಸ್. ನಂಜುಂಡರಾಯರ ಪ್ರಯತ್ನದಿಂದ ತೊಗಲುಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಸುರಕ್ಷಿತವಾಗಿವೆ. ಆದರೆ ಆಯಾ ರಾತ್ರಿ ಆಯಾ ಊರಿಗೆಂದು ಹುಟ್ಟಿದ ಮಾತನ್ನು ಪೆಟ್ಟಿಗೆಯಲ್ಲಿಡಲಾಗದು. ಮುದುಕರ ಬಾಯಿಂದ ಅದನ್ನು ಬರೆದುಕೊಳ್ಳುವವರು ಊರನ್ನೂ ವರ್ಷವನ್ನೂ ಗುರುತಿಸತಕ್ಕದ್ದು. ಅಶ್ಲೀಲವೆಂದು ಒಂದು ಅಕ್ಷರವನ್ನೂ ಬಿಡತಕ್ಕದ್ದಲ್ಲ.