ಪ್ಯಾಸಿವ್ ವಾಯ್ಸ್ ಮೇಲಿನ ಸಲ್ಲದ ಆರೋಪ

ಇಂಗ್ಲಿಷ್ ಬರವಣಿಗೆ ಕಲಿಸುವವರು ಬಹುಪಾಲು ಒಂದು ಬುದ್ಧಿಮಾತನ್ನು ತಪ್ಪದೆ ಹೇಳುತ್ತಾರೆ: ಪ್ಯಾಸಿವ್ ವಾಯ್ಸ್ ಬೇಡ. ಅದು ಸಪ್ಪೆ, ಸುತ್ತುಬಳಸು, ಹೊಣೆಯಿಂದ ನುಣುಚಿಕೊಳ್ಳುವವರ ಭಾಷೆ ಎಂಬುದು ಅದರ ಮೇಲಿರುವ ದೂರು. ಬರಹ ತಿದ್ದುವ ಸಾಫ್ಟ್‌ವೇರ್‌ಗಳೂ ಅದನ್ನು ಕಂಡಲ್ಲಿ ಗೆರೆ ಎಳೆಯುತ್ತವೆ. ಈ ಸಲಹೆ ತಪ್ಪು. ಅದನ್ನು ನಾವು ಇಷ್ಟು ಸುಲಭವಾಗಿ ನಂಬುವುದಕ್ಕೆ ನಮ್ಮ ಶಾಲೆಗಳಲ್ಲಿ ಪ್ಯಾಸಿವ್ ಕಲಿಸುವ ಕ್ರಮವೂ ಕಾರಣ.

ಸಲಹೆ ಕೊಟ್ಟವರನ್ನೇ ಮೊದಲು ನೋಡೋಣ. ಅಮೆರಿಕದ ವಿಲಿಯಂ ಸ್ಟ್ರಂಕ್ 1918ರಲ್ಲಿ ಬರೆದು, 1959ರಲ್ಲಿ ಇ. ಬಿ. ವೈಟ್ ಪರಿಷ್ಕರಿಸಿದ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಈ ನಿಯಮದ ದೊಡ್ಡ ಆಧಾರ. ಅಲ್ಲಿ ತಿದ್ದಲೆಂದು ಕೊಟ್ಟ ನಾಲ್ಕು ಜೊತೆ ಉದಾಹರಣೆಗಳಲ್ಲಿ ನಿಜಕ್ಕೂ ಪ್ಯಾಸಿವ್ ಆಗಿರುವುದು ಒಂದೇ ಎಂದು ಭಾಷಾವಿಜ್ಞಾನಿ ಜೆಫ್ರಿ ಪುಲಮ್ 2009ರಲ್ಲಿ ತೋರಿಸಿಕೊಟ್ಟರು. ಇನ್ನು ಜಾರ್ಜ್ ಆರ್ವೆಲ್. ಆ್ಯಕ್ಟಿವ್ ಸಾಧ್ಯವಿರುವಲ್ಲಿ ಪ್ಯಾಸಿವ್ ಬಳಸಲೇಬಾರದೆಂದು 1946ರ ಪ್ರಬಂಧದಲ್ಲಿ ವಿಧಿಸಿದ ಅವರು, ಅದೇ ಪ್ರಬಂಧದ ಮೊದಲ ವಾಕ್ಯದಲ್ಲೇ ಪ್ಯಾಸಿವ್ ಬಳಸಿದ್ದಾರೆ. ಅಲ್ಲಿ ಅದು ಬೇಕಿತ್ತು, ಬಂತು. ಒಳ್ಳೆಯ ಬರಹಗಾರನ ಕೈಗೆ ತಿಳಿದದ್ದು ಅವನ ನಿಯಮಕ್ಕೆ ತಿಳಿದಿರಲಿಲ್ಲ.

ನಮ್ಮ ತರಗತಿಗಳಲ್ಲಿ ಪ್ಯಾಸಿವ್ ಎಂದರೆ ‘ಚೇಂಜ್ ದ ವಾಯ್ಸ್’ ಎಂಬ ಪ್ರಶ್ನೆ. ‘ರಾಮ ಕಿಲ್ಡ್ ರಾವಣ’ ಎಂಬುದನ್ನು ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಮಾಡಬೇಕು. ಕರ್ಮವನ್ನು ಮುಂದಕ್ಕೆ ತರು, ಕಾಲಕ್ಕೆ ತಕ್ಕಂತೆ ಈಸ್, ವಾಸ್ ಅಥವಾ ಹ್ಯಾಸ್ ಬೀನ್ ಸೇರಿಸು, ಕ್ರಿಯಾಪದದ ಮೂರನೆಯ ರೂಪ ಹಾಕು, ಕೊನೆಗೆ ‘ಬೈ’ ಹಚ್ಚಿ ಕರ್ತೃವನ್ನು ಕೂರಿಸು. ಸೂತ್ರ ಸರಿಯಾಗಿಯೇ ಇದೆ. ಎರಡು ವಾಕ್ಯಗಳ ಅರ್ಥವೂ ಒಂದೇ ಎಂಬ ಜೊತೆಯ ಪಾಠ ಮಾತ್ರ ಸರಿಯಲ್ಲ. ಅದಕ್ಕೆ ನೋಮ್ ಚಾಮ್‌ಸ್ಕಿ 1957ರಲ್ಲೇ ಉದಾಹರಣೆ ಕೊಟ್ಟಿದ್ದಾರೆ. ಕೋಣೆಯಲ್ಲಿರುವ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಭಾಷೆ ಗೊತ್ತು ಎಂದು ಇಂಗ್ಲಿಷಿನಲ್ಲಿ ಆ್ಯಕ್ಟಿವ್ ಆಗಿ ಹೇಳಿದರೆ, ಒಬ್ಬರಿಗೆ ಕನ್ನಡ-ತುಳು, ಇನ್ನೊಬ್ಬರಿಗೆ ಉರ್ದು-ತೆಲುಗು ಬಂದರೂ ಮಾತು ನಿಜವೇ. ಪ್ಯಾಸಿವ್ ಮಾಡಿದಾಗಲೋ, ಎಲ್ಲರಿಗೂ ಅವೇ ಎರಡು ಭಾಷೆಗಳು ಗೊತ್ತು ಎಂಬ ಅರ್ಥ ಮುಂದೆ ಬರುತ್ತದೆ.

ಆ ‘ಬೈ’ ಅಂತೂ ಪರೀಕ್ಷೆಗೆಂದೇ ಉಳಿದುಕೊಂಡ ವಸ್ತು. ಡೆನ್ಮಾರ್ಕಿನ ವ್ಯಾಕರಣಜ್ಞ ಒಟ್ಟೊ ಯೆಸ್ಪರ್ಸನ್ 1924ರಲ್ಲಿ ತಮ್ಮ ವಿದ್ಯಾರ್ಥಿಗಳ ಲೆಕ್ಕವನ್ನು ಮುಂದಿಟ್ಟು, ಬೇರೆ ಬೇರೆ ಲೇಖಕರ ಪ್ಯಾಸಿವ್ ವಾಕ್ಯಗಳಲ್ಲಿ ನೂರಕ್ಕೆ 70ರಿಂದ 94ರಷ್ಟರಲ್ಲಿ ಕರ್ತೃವಿನ ಹೆಸರೇ ಇಲ್ಲ ಎಂದರು. ವಿರಳವಾದದ್ದನ್ನೇ ಮಕ್ಕಳಿಗೆ ನಿಯಮವೆಂದು ಕಲಿಸುತ್ತಿದ್ದೇವೆ.

ಹಾಗಾದರೆ ಪ್ಯಾಸಿವ್ ಇರುವುದಾದರೂ ಏತಕ್ಕೆ? ಕನ್ನಡದಲ್ಲಿ ‘ರಾವಣನನ್ನು ರಾಮ ಕೊಂದ’ ಎನ್ನುತ್ತೇವೆ. ವಿಭಕ್ತಿ ಪ್ರತ್ಯಯ ಇರುವುದರಿಂದ ರಾವಣ ಮುಂದೆ ಬಂದರೂ ಕೊಂದವನು ಯಾರೆಂಬ ಗೊಂದಲವಿಲ್ಲ. ಕೊಂದವರು ಬೇಡವಾದರೆ ‘ಕೊಂದರು’ ಎಂದರೆ ಸಾಕು. ಇಂಗ್ಲಿಷ್ ತನ್ನ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಭಾಷೆ. ಅಲ್ಲಿ ಪದ ನಿಂತ ಜಾಗವೇ ಅದರ ಕೆಲಸವನ್ನು ಹೇಳುತ್ತದೆ. ಮಾತು ರಾವಣನ ಸುತ್ತ ನಡೆಯುತ್ತಿದ್ದರೆ ಅವನನ್ನು ಮುಂದೆ ನಿಲ್ಲಿಸಲು ಇಂಗ್ಲಿಷಿಗಿರುವ ಸಹಜ ದಾರಿ ಪ್ಯಾಸಿವ್. ‘ಕೊಲ್ಲಲ್ಪಟ್ಟನು’ ಎಂಬ ಕನ್ನಡ ನಮ್ಮ ಕಿವಿಗೆ ಒರಟು. ಆ ಅರುಚಿ ಕನ್ನಡದ ಮಟ್ಟಿಗೆ ನ್ಯಾಯವಾದದ್ದು. ಅದನ್ನೇ ಇಂಗ್ಲಿಷಿಗೂ ಹೊರಿಸಿದಾಗ ಮಕ್ಕಳ ಪ್ಯಾರಾಗಳು ಹೆಜ್ಜೆಹೆಜ್ಜೆಗೂ ವಿಷಯ ಬದಲಿಸಿ ಮುಗ್ಗರಿಸುತ್ತವೆ.

ಹೊಣೆ ಮರೆಮಾಚುವ ದೂರಿಗೆ ಬರೋಣ. 1987ರಲ್ಲಿ ಇರಾನ್ ಶಸ್ತ್ರಾಸ್ತ್ರ ಹಗರಣದ ನಡುವೆ ರೊನಾಲ್ಡ್ ರೇಗನ್ ‘ತಪ್ಪುಗಳಾಗಿವೆ’ ಎಂಬರ್ಥದ ಪ್ಯಾಸಿವ್ ವಾಕ್ಯ ಹೇಳಿದ್ದು ಎಲ್ಲರ ಬಾಯಲ್ಲಿರುವ ಸಾಕ್ಷಿ. ಅದನ್ನೇ ‘ಮಿಸ್ಟೇಕ್ಸ್ ಹ್ಯಾಪನ್ಡ್’ ಎಂದಿದ್ದರೆ ಅಪ್ಪಟ ಆ್ಯಕ್ಟಿವ್ ಆಗುತ್ತಿತ್ತು, ಮರೆಮಾಚುವಿಕೆ ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಮರೆಸುವ ಮನಸ್ಸಿದ್ದವರಿಗೆ ಎರಡೂ ಒದಗುತ್ತವೆ.

ಆ್ಯಕ್ಟಿವ್ ವಾಯ್ಸೇ ಹೆಚ್ಚು ಮರೆಸುವ ಸಂದರ್ಭಗಳೂ ಉಂಟು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯನ್ನೇ ತೆಗೆದುಕೊಳ್ಳಿ. ‘ವಿಶ್ವೇಶ್ವರಯ್ಯ ಬಿಲ್ಟ್ ದ ಡ್ಯಾಮ್’ ಎಂಬ ಗಟ್ಟಿ ವಾಕ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇಲ್ಲ, ಇತರ ಎಂಜಿನಿಯರ್‌ಗಳಿಲ್ಲ, ಕಲ್ಲು ಹೊತ್ತ ಸಾವಿರಾರು ಕೂಲಿಗಳೂ ಇಲ್ಲ. ‘ದ ಡ್ಯಾಮ್ ವಾಸ್ ಬಿಲ್ಟ್’ ಎಂದಾಗ ಅವರ ಹೆಸರು ಬರುವುದಿಲ್ಲ ನಿಜ, ಆದರೆ ಒಬ್ಬರ ಹೆಸರಿಗೆ ಎಲ್ಲರ ದುಡಿಮೆಯನ್ನು ಬರೆದುಕೊಟ್ಟಂತಾಗುವುದಿಲ್ಲ. ಕಟ್ಟಿದವರು ಯಾರೆಂದು ಕೇಳುವ ದಾರಿ ತೆರೆದೇ ಇರುತ್ತದೆ.

ನಮ್ಮ ಸಂವಿಧಾನದ 17ನೆಯ ವಿಧಿಯ ಇಂಗ್ಲಿಷ್ ಪಾಠವನ್ನು ಓದಿದವರು ಪ್ಯಾಸಿವ್ ದುರ್ಬಲ ಎನ್ನಲಾರರು. ವಾಕ್ಯ ಶುರುವಾಗುವುದೇ ಅಸ್ಪೃಶ್ಯತೆ ಎಂಬ ಪದದಿಂದ. ಬೆನ್ನಿಗೇ ಅದು ರದ್ದಾಯಿತೆಂದು ಹೇಳುವ ಪ್ಯಾಸಿವ್ ಕ್ರಿಯಾಪದ. ರದ್ದು ಮಾಡಿದವರು ಯಾರೆಂಬುದೇ ಇಲ್ಲ. ‘ಸರ್ಕಾರ ರದ್ದು ಮಾಡುತ್ತದೆ’ ಎಂದು ಅದನ್ನು ಆ್ಯಕ್ಟಿವ್ ಮಾಡಿದರೆ ಕೊಟ್ಟ ಸರ್ಕಾರವೇ ಹಿಂತೆಗೆದುಕೊಳ್ಳಬಹುದಾದ ಆಜ್ಞೆಯಂತೆ ಕೇಳಿಸುತ್ತದೆ.

ಪರೀಕ್ಷೆಯಲ್ಲಿ ಒಂಟಿ ವಾಕ್ಯ ಕೊಟ್ಟು ತಿರುಗಿಸಿ ಎನ್ನುವುದನ್ನು ನಿಲ್ಲಿಸಬೇಕು. ಕನ್ನಂಬಾಡಿಯ ಬಗ್ಗೆ ನಾಲ್ಕು ಸಾಲಿನ ಪ್ಯಾರಾ ಕೊಡಲಿ, ಐದನೆಯ ಸಾಲಿಗೆ ಆ್ಯಕ್ಟಿವ್ ಒಂದು, ಪ್ಯಾಸಿವ್ ಒಂದು ಮುಂದಿಡಲಿ. ಇಲ್ಲಿ ಯಾವುದು ಹೊಂದುತ್ತದೆ, ಏಕೆ ಎಂದು ಕೇಳಲಿ. ‘ಏಕೆ’ಗೆ ಬರೆದ ಉತ್ತರಕ್ಕೇ ಹೆಚ್ಚು ಅಂಕ ಇರಲಿ.